ಗದಗಿನ ಹೆಪ್ಪು

ಡಾ. ಶಾಲ್ಮಲಾ ಮೆಣಸಿನಕಾಯಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಗಟ್ಟಿಯಾಗಿ ಕೂತಿದ್ದ ಮೊಸರಿನಿಂದ ಒಂದು ಚಮಚ ಎತ್ತಿ ಗಾಜಿನ ತಟ್ಟೆಗೆ ಹಾಕಿದಳು. ಅದರ ಮೇಲೆ ರೋಗಿಯೊಬ್ಬರ ಕರುಳಿನ ಹುಣ್ಣಿನಿಂದ ತೆಗೆದ ರಸದ ಒಂದು ಹನಿ ಬಿಟ್ಟಳು. ಏನೂ ಆಗಲಿಲ್ಲ. ನೋಡಲೆಂದು ಬಂದಿದ್ದ ಆರೋಗ್ಯ ಇಲಾಖೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲ್ಮಲಾ ಅವರಿಗೆಲ್ಲ ಚಹಾ ತರಿಸಿದಳು. ಚಹಾ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿದ್ದ ಮೊಸರು ತಿಳಿನೀಲಿಯಾಗಿ ಹೊಳೆಯತೊಡಗಿತ್ತು.

"ಆ ನೀಲಿ ಕಾಣಸ್ತದಲ್ರಿ, ಅದು ಔಷಧ ತಯಾರಾಗೇದ ಅನ್ನೋ ಗುರುತು," ಎಂದಳು ಶಾಲ್ಮಲಾ. "ಮೊಸರಿನ ಸೂಕ್ಷ್ಮಜೀವಿ ಈಗ ನಿಮ್ಮ ಕಣ್ಣೆದುರಿಗೇ ಮಾಡ್ತು. ಉರಿ ಇದ್ದಲ್ಲಿ ಮಾಡ್ತದ. ಉರಿ ಇಲ್ಲದಲ್ಲಿ ತನ್ನ ಪಾಡಿಗೆ ತಾ ಮೊಸರಾಗಿ ಇರ್ತದ."

ಹೊಟ್ಟೆರೋಗಕ್ಕೆ ಮದ್ದು ಕಂಡುಹಿಡಿದವಳ ಅಡ್ಡಹೆಸರು ಮೆಣಸಿನಕಾಯಿ ಎಂದು ಗದಗಿನ ಮಂದಿ ನಗುತ್ತಿದ್ದರು. ಅವಳೂ ಜೊತೆಗೆ ನಗುತ್ತಿದ್ದಳು. ಆದರೆ ತನ್ನ ಹೆಪ್ಪಿನ ವಿಷಯ ಬಂದರೆ ಅವಳಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ಎದೆಯುಬ್ಬಿಸಿಯೇ ಮಾತಾಡುತ್ತಿದ್ದಳು. ಜಂಬ ಎನ್ನುವವರು ಎನ್ನಲಿ, ಇಪ್ಪತ್ತು ವರ್ಷ ಅದೇ ಡಬ್ಬಿಯ ಮುಂದೆ ಕೂತವಳಿಗೆ ಅಷ್ಟು ಜಂಬ ಇರಬೇಕಾದದ್ದೇ.

ಈ ಶತಮಾನದ ನಡುವಿನ ಹೊತ್ತಿಗೆ ದೊಡ್ಡ ಕರುಳಿನ ಹುಣ್ಣು, ಡಾಕ್ಟರುಗಳ ಬಾಯಲ್ಲಿ ಅಲ್ಸರೇಟಿವ್ ಕೊಲೈಟಿಸ್, ಊರೂರಿಗೂ ಬಂದು ಠಿಕಾಣಿ ಹೂಡಿತ್ತು. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ತನ್ನ ಕರುಳನ್ನು ವೈರಿ ಎಂದು ತಿಳಿದು ಮೇಲೆ ಬೀಳುವ ರೋಗ ಅದು. ಹೊಟ್ಟೆನೋವು, ರಕ್ತಭೇದಿ, ತಡೆಯಲಾಗದ ಅವಸರ. ಇದಕ್ಕೆ ಬಯಾಲಜಿಕ್ ಎಂಬ ಮದ್ದುಗಳಿದ್ದವು. ರಾಸಾಯನಿಕ ಬೆರೆಸಿ ಒತ್ತಿದ ಗುಳಿಗೆಗಳಂಥವಲ್ಲ. ಜೀವಕೋಶಗಳನ್ನು ಉಕ್ಕಿನ ತೊಟ್ಟಿಗಳಲ್ಲಿ ಸಾಕಿ, ಅವು ತಯಾರಿಸುವ ಪ್ರತಿಕಾಯವನ್ನು, ಅಂದರೆ ಉರಿಯೂತದ ಸುದ್ದಿ ಒಯ್ಯುವ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವ ಇನ್ನೊಂದು ಪ್ರೋಟೀನನ್ನು, ಬೇರ್ಪಡಿಸಿ ಶುದ್ಧಮಾಡಿ ತಣ್ಣಗಿಟ್ಟು ಸೂಜಿಯಲ್ಲೇ ಕೊಡಬೇಕು. ನುಂಗಿದರೆ ಜಠರ ಅದನ್ನು ಬೇಳೆಯ ಹಾಗೆ ಅರಗಿಸಿಬಿಡುತ್ತದೆ. ಮದ್ದು ತಾಗಿ ಗುಣ ಕಂಡವರಿಗೆ ಅದು ಮರುಜನ್ಮವೇ ಸರಿ. ಆದರೆ ಎಷ್ಟೋ ಜನರಿಗೆ ಅದು ಮೊದಲಿನಿಂದಲೂ ತಾಗುತ್ತಿರಲಿಲ್ಲ. ತಾಗಿದವರಲ್ಲೂ ಕೆಲವರ ದೇಹ ವರ್ಷವೆರಡು ವರ್ಷದ ಮೇಲೆ ಆ ಮದ್ದಿನ ಮೇಲೇ ತಿರುಗಿಬಿದ್ದು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಿತ್ತು. ಬೆಲೆಯಂತೂ ಒಬ್ಬರ ಕರುಳು ತಣ್ಣಗಿರಲು ಮನೆಮಂದಿಯೆಲ್ಲ ದುಡಿಯಬೇಕಾದಷ್ಟು.

ಶಾಲ್ಮಲಾ ಮಾಡಿದ್ದು ಇಷ್ಟೇ. ಒಂಟೆಯ ರಕ್ತದಲ್ಲಿ ಬಹಳ ಪುಟ್ಟದಾದ, ಗಟ್ಟಿಮುಟ್ಟಾದ ಒಂದು ಬಗೆಯ ಪ್ರತಿಕಾಯ ಇರುತ್ತದೆ. ಅದನ್ನು ತಯಾರಿಸುವ ಜೀನನ್ನು ಅವಳು ಮೊಸರಿನ ಸೂಕ್ಷ್ಮಜೀವಿಯೊಳಗೆ ಸೇರಿಸಿದಳು. ಮೊಸರಿನ ಜೊತೆ ಕರುಳು ತಲುಪಿದ ಆ ಜೀವಿ ಹುಣ್ಣಿರುವ ಕಡೆಯೇ ಮದ್ದು ಬಿಡುತ್ತದೆ. ಮದ್ದು ರಕ್ತಕ್ಕೆ ಹೋಗುವುದೇ ಇಲ್ಲ, ಹಾಗಾಗಿ ದೇಹ ಅದರ ಮೇಲೆ ತಿರುಗಿಬೀಳುವ ಸಂಭವವೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಉಕ್ಕಿನ ತೊಟ್ಟಿಯ ಬದಲು ಮನೆಯ ಪಾತ್ರೆ ಸಾಕು. ಇವತ್ತಿನ ಮೊಸರಿನಲ್ಲಿ ಒಂದು ಚಮಚ ಉಳಿಸಿ ಹಾಲಿಗೆ ಹಾಕಿದರೆ ನಾಳೆಯ ಮದ್ದು ಸಿದ್ಧ.

ಇಲಿಗಳ ಮೇಲೆ ಗೆದ್ದಾಗಿತ್ತು, ಸಣ್ಣ ಪ್ರಯೋಗಗಳೂ ಮುಗಿದಿದ್ದವು. ಉಳಿದದ್ದು ನೂರಾರು ರೋಗಿಗಳ ಮೇಲೆ ಒಂದು ವರ್ಷದ ದೊಡ್ಡ ಪರೀಕ್ಷೆ. ಅರ್ಧ ಜನರಿಗೆ ಮದ್ದಿನ ಹೆಪ್ಪು, ಇನ್ನರ್ಧ ಜನರಿಗೆ ಬರೀ ಹೆಪ್ಪು. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯಬಾರದು, ಶಾಲ್ಮಲಾಗೂ ತಿಳಿಯಬಾರದು. ಅದರ ಗುಟ್ಟು ದಿಲ್ಲಿಯ ಪರೀಕ್ಷಾ ಸಮಿತಿಯ ಹತ್ತಿರ ಭದ್ರವಾಗಿತ್ತು. ಹೆಪ್ಪನ್ನು ಬೇರೆ ಯಾರಿಗೂ ಕೊಡಕೂಡದು, ಬೇರೆಯವರ ಮೊಸರು ಉಣ್ಣಕೂಡದು ಎಂದು ಎಲ್ಲರಿಗೂ ಓದಿಹೇಳಿ ಸಹಿ ಹಾಕಿಸಿಕೊಂಡರು.

ಸಹಿ ಹಾಕಿದವರಲ್ಲಿ ಹಸೀನಾ ನದಾಫ ಒಬ್ಬಳು. ಗದಗ–ರೋಣ ಬಸ್ಸಿನ ಕಂಡಕ್ಟರ್. ಆಗ ಬಸ್ಸುಗಳಿಗೆ ಡ್ರೈವರ್ ಇರಲಿಲ್ಲ, ತಾವೇ ಓಡುತ್ತಿದ್ದವು. ಆದರೆ ಸೀಟಿನ ಜಗಳ ಬಿಡಿಸುವ ಯಂತ್ರ ಇನ್ನೂ ಯಾರೂ ಕಂಡುಹಿಡಿದಿರಲಿಲ್ಲವಾದ್ದರಿಂದ ಕಂಡಕ್ಟರನ್ನು ಉಳಿಸಿಕೊಂಡಿದ್ದರು. ಗಟ್ಟಿ ಗಂಟಲಿನ ಈ ಹೆಣ್ಣುಮಗಳು ಮೂರು ವರ್ಷದಿಂದ ಬಸ್ಸು ಹತ್ತಿರಲಿಲ್ಲ. ದಾರಿಯಲ್ಲಿ ಅವಸರವಾದರೆ ಬಯಲಲ್ಲಿ ಎಲ್ಲಿ ಇಳಿಯುವುದು? ಸೂಜಿಮದ್ದು ಅವಳಿಗೆ ಮೊದಲು ತಾಗಿತ್ತು, ಆಮೇಲೆ ನಿಂತುಹೋಗಿತ್ತು. ಡಿಪೋದಲ್ಲಿ ಅವಳಿಗೆ ಒಂದು ಕುರ್ಚಿ ಕೊಟ್ಟು ಕೂರಿಸಿದ್ದರು. ಆ ಕುರ್ಚಿಯನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರತಿ ಮಂಗಳವಾರ ಎಲ್ಲರೂ ಆಸ್ಪತ್ರೆಗೆ ಬಂದು ಮಲದ ಮಾದರಿ ಕೊಟ್ಟು ಹೋಗುತ್ತಿದ್ದರು. ರೋಣ, ನರೇಗಲ್ಲ, ಮುಂಡರಗಿ ಕಡೆಯಿಂದೆಲ್ಲ ಬರುವವರು. ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಆರು ತಿಂಗಳಾಗುವಷ್ಟರಲ್ಲಿ ಹಸೀನಾ ಮತ್ತೆ ಬಸ್ಸು ಹತ್ತಿದಳು. ಅದನ್ನು ಹೇಳಲು ಅವಳು ಸಮವಸ್ತ್ರದಲ್ಲೇ ಬಂದ ದಿನ ಶಾಲ್ಮಲಾ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತಳು.

ವರ್ಷ ಮುಗಿಯಿತು. ದಿಲ್ಲಿಯಿಂದ ಗುಟ್ಟು ಬಿಚ್ಚಿದ ಫಲಿತಾಂಶ ಬಂತು. ಮದ್ದಿನ ಹೆಪ್ಪು ಪಡೆದವರಲ್ಲಿ ಹೆಚ್ಚಿನವರು ಗುಣವಾಗಿದ್ದರು. ಬರೀ ಹೆಪ್ಪು ಪಡೆದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಜನ ಗುಣವಾಗಿದ್ದರು. ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಇದಕ್ಕೆ ಒಂದೇ ಅರ್ಥ. ಶಾಲ್ಮಲಾಳ ಮದ್ದಿಗೂ ಅಂಗಡಿಯ ಮೊಸರಿಗೂ ಏನೂ ಫರಕಿಲ್ಲ.

ತಟ್ಟೆಯಲ್ಲಿ ಕಂಡ ನೀಲಿ ಸುಳ್ಳೇ? ಅಂಕಿಗಳನ್ನು ಹಿಂದೆಮುಂದೆ ಮಾಡಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಇಡೀ ವಾರ ಯಾರ ಜೊತೆಗೂ ಮಾತು ಬೇಡವಾಯಿತು.

ಆಗ ಬಂದವರು ಮಹಾಲಿಂಗಪ್ಪ ಪತ್ತಾರ ಮಾಸ್ತರರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ಪರೀಕ್ಷೆಗೆ ಸೇರಿದ್ದವರಲ್ಲೇ ಹಿರಿಯರು. ಬಹಳ ಇಳಿದುಹೋಗಿದ್ದರು. ಗೋಡೆ ಹಿಡಿದುಕೊಂಡು ಬಂದರೂ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಬಾಯಾರ, ಎಲ್ಲಾರೂ ಹುಷಾರಾದ್ರಂತ ಕೇಳಿದೆ," ಎಂದರು. "ನಾ ಆಗಿಲ್ರಿ. ನನ್ನ ಕರುಳು ಇನ್ನೂ ಹಂಗ ಉರಿಯಾಕತ್ತೈತಿ. ನನ್ನಿಂದ ಏನರ ತಪ್ಪಾತೇನು ಅಂತ ಕೇಳಾಕ ಬಂದೆ."

ಶಾಲ್ಮಲಾ ಪಟ್ಟಿ ನೋಡಿದಳು. ಮಾಸ್ತರರದು ಬರೀ ಹೆಪ್ಪು. ಆ ಗುಂಪಿನ ಹೆಚ್ಚಿನವರು ಗುಣವಾಗಿರುವಾಗ ಇವರು ಯಾಕೆ ಆಗಲಿಲ್ಲ?

"ಮಾಸ್ತರ್ರ, ಉಳಿದವ್ರು ಮಾಡಿದ್ದು, ನೀವು ಮಾಡ್ಲಾರದ್ದು ಏನರ ಐತೇನು? ನೆನಸಿಕೊಂಡು ಹೇಳ್ರಿ."

ಚಾಡಿ ಹೇಳುವುದು ಅವರ ಜಾಯಮಾನವಲ್ಲ. "ಮಂಗಳವಾರ ಅವರ ಜೋಡಿ ಊಟಕ್ಕ ಕೂಡ್ತಿರಲಿಲ್ರಿ," ಎಂದರು ಕೊನೆಗೆ. "ಕೂತ್ರ ಮೊಸರ ಹಾಕಾಕ ಬರ್ತಾರ. ನಾ ಸಹಿ ಮಾಡೀನಲ್ರಿ."

ಪರೀಕ್ಷೆ ಮುಗಿದರೂ ಮಂಗಳವಾರದ ತಪಾಸಣೆಗೆ ಜನ ಬರುತ್ತಲೇ ಇದ್ದರು. ಮುಂದಿನ ಮಂಗಳವಾರ ಮಧ್ಯಾಹ್ನ ಶಾಲ್ಮಲಾ ಮೊದಲ ಸಲ ಆಸ್ಪತ್ರೆಯ ಹಿಂದಿನ ಪಡಸಾಲೆಗೆ ಹೋದಳು. ಒಂದು ವರ್ಷ ಮಾದರಿಗಳಲ್ಲಿ ರಕ್ತವನ್ನಷ್ಟೇ ಅಳೆದವಳು ಜನ ಎಲ್ಲಿ ಕೂತು ಉಣ್ಣುತ್ತಾರೆ ಎಂದು ನೋಡಿರಲಿಲ್ಲ. ಅಲ್ಲಿ ಗಂಟುಗಳು ಬಿಚ್ಚಿದ್ದವು. ರೊಟ್ಟಿ, ಮೆತ್ತಗೆ ಬೇಯಿಸಿದ ಪಲ್ಯ, ಅನ್ನ, ಮತ್ತೆ ಎಲ್ಲರ ಡಬ್ಬಿಯಲ್ಲೂ ಮೊಸರು. ಆ ಡಬ್ಬಿಗಳು ಕೈಯಿಂದ ಕೈಗೆ ಸುತ್ತುತ್ತಿದ್ದವು. ಅವತ್ತು ರಜೆ ಹಾಕಿ ಬಂದಿದ್ದ ಹಸೀನಾ ಬಡಿಸುವ ಮುಂದಾಳು. ಅವಳು ಒಂದು ಪುಟ್ಟ ಡಬ್ಬಿಗೆ ಎರಡು ಚಮಚ ಮೊಸರು ಹಾಕಿ, ಮುಚ್ಚಳ ಒತ್ತಿ, ನರೇಗಲ್ಲದ ನಾಗವ್ವನ ಚೀಲಕ್ಕೆ ಇಳಿಬಿಟ್ಟಳು.

"ಹಸೀನಾ, ಅದೇನದು?" ಎಂದಳು ಶಾಲ್ಮಲಾ.

"ಹೆಪ್ಪರಿ."

"ಕೊಡಬಾರದಂತ ಹೇಳಿರಲಿಲ್ಲೇನು?"

ಹಸೀನಾ ನಿಜಕ್ಕೂ ಬೆರಗಾಗಿ ನೋಡಿದಳು. "ಔಷಧ ಕೊಡಬಾರದು ಅಂದಿದ್ರಿ, ಖರೆ. ಆದ್ರ ನಾಗವ್ವಕ್ಕನ ಮೊಸರು ಒಡದಿತ್ರಿ, ಹೆಪ್ಪು ಕೇಳಿದ್ಲು. ಹೆಪ್ಪು ಕೇಳಿದವ್ರಿಗೆ ಇಲ್ಲ ಅನ್ನಾಕ ಬರ್ತೈತೇನ್ರಿ? ನಮ್ಮವ್ವ ನನ್ನ ಮಕಾ ನೋಡ್ತಿದ್ಲೇನು?" ಆಮೇಲೆ ದನಿ ತಗ್ಗಿಸಿ ಸೇರಿಸಿದಳು. "ಮತ್ತ ಬಾಯಾರ, ಯಾರ ಮೊಸರಿಗೆ ಗುಣ ಐತಿ ಅನ್ನೋದು ನಮಗ ಎರಡ ತಿಂಗಳಿಗೇ ಗೊತ್ತಾಗಿತ್ತು. ಯಾರು ಪಾಯಖಾನೆಗೆ ಓಡೂದು ಬಿಟ್ಟಾರ ಅಂತ ನೋಡಿದ್ರ ಸಾಕಲ್ರಿ. ನಾ ಒಬ್ಬಾಕೇನ ಹುಷಾರಾಗಿ, ಬಾಜೂ ಕೂತಾಕಿ ನರಳೂದ ನೋಡ್ಕೋತ ಉಣ್ಲೇನು?"

ಶಾಲ್ಮಲಾಗೆ ಸಿಟ್ಟು ಬರಬೇಕಿತ್ತು. ಇಪ್ಪತ್ತು ವರ್ಷದ ಕೆಲಸವನ್ನು ಈ ಮಂದಿ ಮೊಸರನ್ನದ ಜೊತೆ ಕಲಸಿ ಉಂಡಿದ್ದರು. ಆದರೆ ಬಂದದ್ದು ನಗು. ಲ್ಯಾಬಿಗೆ ಓಡಿಹೋಗಿ, ಫ್ರೀಜರಿನಲ್ಲಿಟ್ಟಿದ್ದ ಒಂದು ವರ್ಷದ ಮಾದರಿಗಳಲ್ಲಿ ಮದ್ದಿನ ಜೀವಿ ಇದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿದಳು. ಬರೀ ಹೆಪ್ಪು ಪಡೆದವರ ಹೊಟ್ಟೆಯಲ್ಲಿ ಮದ್ದಿನ ಜೀವಿ ಯಾವ ವಾರ ಮೊದಲು ಕಾಣಿಸಿಕೊಂಡಿತ್ತೋ, ಆಮೇಲಿನ ವಾರಗಳಲ್ಲೇ ಅವರ ರಕ್ತ ನಿಂತಿತ್ತು. ಒಬ್ಬರಾದ ಮೇಲೆ ಒಬ್ಬರು, ಡಬ್ಬಿ ಸುತ್ತಿದ ಹಾಗೆಯೇ. ಪತ್ತಾರ ಮಾಸ್ತರರ ಮಾದರಿಯಲ್ಲಿ ಅದು ಒಮ್ಮೆಯೂ ಇರಲಿಲ್ಲ. ಅವಳು ಹಾಕಿಕೊಂಡ ಪರೀಕ್ಷೆ ಹಾಳಾಗಿತ್ತು, ನಿಜ. ಮದ್ದು ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಆ ಪಡಸಾಲೆಯ ಊಟ ಅದಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟಿತ್ತು.

ಸಂತೋಷ ಒಂದು ಸಂಜೆಗಿಂತ ಹೆಚ್ಚು ಉಳಿಯಲಿಲ್ಲ. ಇದನ್ನು ಸಮಿತಿಗೆ ತಿಳಿಸಿದರೆ, ಬದಲಾಯಿಸಿದ ಜೀವಿಯೊಂದು ಅನುಮತಿಯಿಲ್ಲದೆ ಹರಡಿದೆ ಎಂದೂ ತಿಳಿಸಿದಂತೆ. ಅದಕ್ಕೆ ಕಾನೂನು ಸ್ಪಷ್ಟವಾಗಿತ್ತು. ಇದ್ದಬದ್ದ ಹೆಪ್ಪನ್ನೆಲ್ಲ ವಾಪಸು ತರಿಸಿ ನಾಶಮಾಡಬೇಕು. ಸುಮ್ಮನಿದ್ದರೆ ಮದ್ದು ಸೋತಿತೆಂದು ದಾಖಲಾಗುತ್ತದೆ. ಗದಗಿನವರು ಗುಟ್ಟಾಗಿ ಉಂಡುಕೊಂಡಿರುತ್ತಾರೆ, ಬೇರೆ ಊರಿನವರಿಗೆ ಅದು ಎಂದೆಂದಿಗೂ ಸಿಗುವುದಿಲ್ಲ.

ಅವಳು ಮೊದಲು ಹೇಳಿದ್ದು ಹಸೀನಾಗೆ, ಬಸ್‌ಸ್ಟ್ಯಾಂಡಿನಲ್ಲಿ, ರೋಣದ ಬಸ್ಸು ಬಿಡುವ ಮುಂಚೆ.

ಹಸೀನಾ ಟಿಕೆಟ್ ಕೊಡುವುದನ್ನು ನಿಲ್ಲಿಸಿದಳು. "ಅಂದ್ರ ನನ್ನ ಗಡಿಗಿ ಕಸಗೊಂಡು ಹೋಗ್ತಾರೇನ್ರಿ? ಮತ್ತ ನಾ ಆ ಕುರ್ಚೆದಾಗ ಕೂಡಬೇಕೇನು? ಬಾಯಾರ, ನಿಮಗ ಕೈ ಮುಗೀತೀನಿ, ಬಾಯಿ ಮುಚ್ಕೊಂಡು ಇದ್ದುಬಿಡ್ರಿ."

"ಬಿಜಾಪುರದಾಗ, ಬೀದರದಾಗ ನಿನ್ನಂಥಾ ಒಬ್ಬಾಕಿ ಈಗ ಕುರ್ಚೆದಾಗ ಕೂತಿರ್ತಾಳ, ಹಸೀನಾ," ಎಂದಳು ಶಾಲ್ಮಲಾ. "ನಾ ಬಾಯಿ ಮುಚ್ಕೊಂಡ್ರ ಅಕಿ ಅಲ್ಲೇ ಕೂತಿರ್ತಾಳ."

ಹಸೀನಾ ಬಸ್ಸು ಹತ್ತಿದಳು. ಸೀಟಿ ಊದಿದಳು, ಬಸ್ಸು ಹೊರಟಿತು. ಅವತ್ತು ಸಂಜೆ ಮಾತ್ರ ಅವಳ ಫೋನು ಬಂತು. "ಹೇಳ್ರಿ. ಆದ್ರ ಅವರು ಇಲ್ಲಿಗೇ ಬರ್ಲಿ. ನಮ್ಮ ಮಕಾ ನೋಡಿ ಗಡಿಗಿ ಕಸಗೊಳ್ಳಲಿ."

ಸಮಿತಿ ಗದಗಿಗೇ ಬಂತು. ಅಧ್ಯಕ್ಷೆ ಪ್ರೊಫೆಸರ್ ಐರಿನ್ ಲೋಬೊ ಮಂಗಳೂರಿನವರು, ಕಟ್ಟುನಿಟ್ಟಿಗೆ ಹೆಸರಾದವರು. ಆಸ್ಪತ್ರೆಯ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಲೋಬೊ ಅಂಕಿಅಂಶಗಳನ್ನೆಲ್ಲ ನೋಡಿ ಕನ್ನಡಕ ತೆಗೆದಿಟ್ಟರು.

"ಮದ್ದು ಒಳ್ಳೇದೇ, ಅದರಲ್ಲಿ ನನಗೆ ಸಂಶಯ ಇಲ್ಲ ಡಾಕ್ಟ್ರೇ," ಎಂದರು. "ಆದ್ರೆ ಈ ಜೀವಿ ಹತ್ತು ವರ್ಷ ಆದ ಮೇಲೆ ಎಂತ ಆಗ್ತದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ವಾಪಸು ತರಿಸ್ಲೇಬೇಕು. ಈಗ ಎಷ್ಟು ಮನೆಯಲ್ಲಿ ಉಂಟು ಇದು?"

"ಎಣಿಸಲಿಕ್ಕೆ ಆಗಂಗಿಲ್ರಿ," ಎಂದಳು ಶಾಲ್ಮಲಾ. "ಕೇಳಿದವರಿಗೆಲ್ಲ ಕೊಟ್ಟಾರ. ರೋಗ ಇಲ್ಲದವರ ಮನೆಯಲ್ಲೂ ಐತಿ. ಅವರಿಗೆ ಇಲ್ಲೀತನಕ ಏನೂ ಆಗಿಲ್ಲ, ಅಷ್ಟು ಪರೀಕ್ಷೆ ಮಾಡೇನಿ. ಮುಂದೇನೂ ಆಗಂಗಿಲ್ಲ ಅಂತ ನಾ ಆಣೆ ಮಾಡಿ ಹೇಳಲಾರೆ."

ಸಭೆ ಗುಜುಗುಜು ಎಂದಿತು. ಆಗ ಮುಂದಿನ ಸಾಲಿನಿಂದ ಪತ್ತಾರ ಮಾಸ್ತರರು ಎದ್ದರು. ಎದ್ದು ನಿಲ್ಲಲು ಅವರಿಗೆ ಮುಂದಿನ ಮೇಜು ಬೇಕಾಯಿತು.

"ಅಧ್ಯಕ್ಷರ, ನಾ ಬರೀ ಹೆಪ್ಪು ತಿಂದಾವ್ರಿ," ಎಂದರು. "ಒಂದು ವರ್ಷ ಈ ಮಂದಿ ನನಗ ಮೊಸರ ಹಾಕಾಕ ಬಂದ್ರು, ನಾ ಕೈ ಅಡ್ಡ ಹಿಡಿದೆ. ನೀವು ಬರದ ನಿಯಮಕ್ಕ ಸಹಿ ಮಾಡಿದ್ದೆ. ನಿಯಮ ತಪ್ಪು ಅಂತ ಈಗಲೂ ಅನ್ನಂಗಿಲ್ಲ. ನಾ ಒಬ್ಬಾವ ನಿಯಮ ಪಾಲಿಸಿದ್ದಕ್ಕ ಇವತ್ತು ನಿಮಗ ಹೋಲಿಸಿ ನೋಡಾಕ ಒಬ್ಬಾವ ಸಿಕ್ಕಾನ. ನನ್ನ ಕೆಲಸ ಮುಗೀತಲ್ರಿ? ಹಂಗಾದ್ರ ಈಗ ನೀವ ಹೇಳ್ರಿ, ನಾ ಯಾರ ಮನಿಗೆ ಹೋಗಿ ಹೆಪ್ಪು ಕೇಳ್ಲಿ?"

ಹಸೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಾಲ್ಮಲಾಗೆ ತನ್ನ ನೀಲಿ ತಟ್ಟೆಯನ್ನು ಕಂಡಾಗ ಆದ ಹೆಮ್ಮೆ ಇದರ ಮುಂದೆ ಏನೂ ಅಲ್ಲ ಅನಿಸಿತು. ಕೊಟ್ಟವರೂ ತನ್ನ ಊರಿನವರೇ, ಬೇಡವೆಂದು ಕೈ ಅಡ್ಡ ಹಿಡಿದವರೂ ತನ್ನ ಊರಿನವರೇ.

ಲೋಬೊ ಕನ್ನಡಕ ಮತ್ತೆ ಹಾಕಿಕೊಂಡರು. ಪಕ್ಕದ ಸದಸ್ಯರ ಜೊತೆ ಪಿಸುಗುಟ್ಟಿದರು, ತಲೆ ಅಲ್ಲಾಡಿಸಿದರು, ಮತ್ತೆ ಪಿಸುಗುಟ್ಟಿದರು.

"ಕೂತ್ಕೊಳ್ಳಿ ಮಾಸ್ಟ್ರೇ," ಎಂದರು ಕೊನೆಗೆ. "ವಾಪಸು ತರಿಸುವ ಆದೇಶ ಸದ್ಯಕ್ಕೆ ತಡೆಹಿಡಿತೇವೆ. ಆದ್ರೆ ಒಂದು ಶರತ್ತು. ಈ ಹೆಪ್ಪು ಯಾರ ಮನೆಯಲ್ಲಿ ಉಂಟೋ ಅವರು ಪ್ರತಿ ತಿಂಗಳು ಒಂದು ಚಮಚ ಇಲ್ಲಿ ತಂದು ತೋರಿಸ್ಬೇಕು. ಜೀವಿ ಬದಲಾದ್ರೆ ಆ ಮನೆಯದ್ದು ಚೆಲ್ಲಬೇಕು. ಯಾರೂ ಒತ್ತಾಯ ಮಾಡ್ಲಿಕ್ಕಿಲ್ಲ, ಅವರಾಗಿಯೇ ಬರ್ಬೇಕು. ಬರ್ಲಿಲ್ಲವಾ, ಆದೇಶ ಜಾರಿ. ಬರ್ತಾರಾ ನಿಮ್ಮ ಜನ?"

"ಬರ್ತಾರ," ಎಂದಳು ಶಾಲ್ಮಲಾ. ಹೇಳಿದ ಮೇಲೆ ಅನುಮಾನ ಹೊಕ್ಕಿತು. ಕೊಡುವುದು ಬೇರೆ, ಕೊಟ್ಟ ಮೇಲೆ ತಿಂಗಳು ತಿಂಗಳು ಅದರ ಜವಾಬ್ದಾರಿ ಹೊರುವುದು ಬೇರೆ.

ತಿಂಗಳ ಕೊನೆಯ ಮಂಗಳವಾರ ಅವಳು ಬೆಳಗ್ಗೆ ಬಂದು ನೋಡುತ್ತಾಳೆ, ಸಾಲು ಆಸ್ಪತ್ರೆಯ ಗೇಟು ದಾಟಿ ರಸ್ತೆಗೆ ಬಂದಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಪುಟ್ಟ ಡಬ್ಬಿ. ಬೆಟಗೇರಿಯ ನೇಕಾರರು, ಮಾರ್ಕೆಟ್ಟಿನ ಹಮಾಲರು, ಕಾಲೇಜಿನ ಪ್ರಿನ್ಸಿಪಾಲರು, ರೋಗವೇ ಇಲ್ಲದ ಅಜ್ಜಿಯರು. ಹಸೀನಾ ತನ್ನ ಬಸ್ಸನ್ನು ಆಸ್ಪತ್ರೆಯ ಎದುರಿಗೇ ನಿಲ್ಲಿಸಿ, "ಹೆಪ್ಪಿನವ್ರು ಇಲ್ಲೇ ಇಳೀರಿ!" ಎಂದು ಕೂಗುತ್ತಿದ್ದಳು. ಹೆಪ್ಪು ಬದಲಾಗಿದೆ ಎಂದು ತಿಳಿದವರು ಅಲ್ಲೇ ಚೆಲ್ಲಿ, ತಮಗಿಂತ ಮುಂದೆ ಪಾಸಾದವರ ಡಬ್ಬಿಯಿಂದ ಹೊಸದು ಹಾಕಿಸಿಕೊಂಡು ಮನೆಗೆ ಹೋದರು. ಪತ್ತಾರ ಮಾಸ್ತರರಿಗೆ ಹೆಪ್ಪು ಕೊಡಲು ಎಷ್ಟು ಜನ ಮುಂದೆ ಬಂದರೆಂದರೆ, ಅವರು ಹಳೆಯ ಗತ್ತಿನಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಕಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಗೋಡೆ ಹಿಡಿಯದೆ ನಡೆಯುತ್ತಿದ್ದರು.

ಎರಡು ವರ್ಷದ ಮೇಲೆ ಪೂರ್ತಿ ಒಪ್ಪಿಗೆ ಸಿಕ್ಕಿತು. ಬಿಜಾಪುರಕ್ಕೆ, ಬೀದರಿಗೆ, ಹೊರರಾಜ್ಯಗಳ ಎಷ್ಟೋ ಸಣ್ಣ ಊರುಗಳಿಗೆ ಹೆಪ್ಪು ಹೋಯಿತು. ಹೋದಲ್ಲೆಲ್ಲ ಒಂದು ಪರೀಕ್ಷಾಕೇಂದ್ರ, ಅಲ್ಲೊಂದು ಸಾಲು. ಸೂಜಿಮದ್ದಿನ ಕಂಪನಿಗಳು ಬೆಲೆ ಇಳಿಸಿದವು. ಶಾಲ್ಮಲಾಳ ಊರಿಗೆ ಪರದೇಶದ ವಿಜ್ಞಾನಿಗಳು ಬಂದು, ಪಡಸಾಲೆಯಲ್ಲಿ ಕೂತು ಉಂಡು ಹೋದರು.

ಒಂದು ಮಧ್ಯಾಹ್ನ ಅವಳಿಗೆ ಮಹಾನಗರದ ದೊಡ್ಡ ಆಸ್ಪತ್ರೆಯೊಂದರ ಮುಖ್ಯಸ್ಥರ ಫೋನು ಬಂತು. ಬಹಳ ವಿನಯದ ಮನುಷ್ಯ. ತಮ್ಮಲ್ಲಿ ಹೆಪ್ಪು ಹಬ್ಬುತ್ತಲೇ ಇಲ್ಲ ಎಂದರು. ಕೊಟ್ಟ ರೋಗಿಯ ಮನೆಯಲ್ಲಿ ಒಂದು ವಾರ ಇರುತ್ತದೆ, ಒಂದು ದಿನ ಮೊಸರು ಕೆಡುತ್ತದೆ, ಅಲ್ಲಿಗೆ ಮುಗಿಯಿತು. ರೋಗಿ ಮತ್ತೆ ಆಸ್ಪತ್ರೆಗೆ ಬರುತ್ತಾನೆ. ಈಗ ಒಂದು ಕಂಪನಿ ದಿನಕ್ಕೊಂದು ಪ್ಯಾಕೆಟ್ ಮಾಡಿಕೊಡಲು ಮುಂದೆ ಬಂದಿದೆ, ಬೆಲೆ ಸ್ವಲ್ಪ ಜಾಸ್ತಿ, ಹೆಚ್ಚುಕಡಿಮೆ ಹಳೆಯ ಸೂಜಿಯಷ್ಟೇ ಆಗಬಹುದು, ನೀವು ಒಪ್ಪಬೇಕು ಎಂದರು.

"ಪ್ಯಾಕೆಟ್ ಯಾಕ ಬೇಕ್ರಿ?" ಎಂದಳು ಶಾಲ್ಮಲಾ. "ಮೊಸರು ಕೆಟ್ಟ ದಿನ ಬಾಜೂ ಮನಿಯವ್ರನ್ನ ಕೇಳಿ ಒಂದು ಚಮಚ ಹೆಪ್ಪು ಇಸಗೊಳ್ರಿ ಅಂತ ಹೇಳ್ರಲಾ."



"ಹೇಳಿದೆವು ಮೇಡಂ," ಎಂದರು ಅವರು ಮೆಲ್ಲಗೆ. "ಪಕ್ಕದ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ ಅಂತಾರೆ."